ಫೋನ್ ಅವರ ಕೈಯಲ್ಲೇ ಇರಲಿ: ದೊಡ್ಡವರಿಗೆ ಮೊಬೈಲ್ ಕಲಿಸುವ, ಕಲಿತದ್ದನ್ನು ಅಳೆಯುವ ಬಗೆ

ಮಂಡ್ಯ ತಾಲ್ಲೂಕಿನ ಹಳ್ಳಿಯೊಂದರ ಗ್ರಂಥಾಲಯದಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ನಾನು ದೊಡ್ಡವರಿಗೆ ಮೊಬೈಲ್ ಬಳಕೆ ಕಲಿಸುತ್ತೇನೆ. ಶುರು ಮಾಡಿದ ಹೊಸತರಲ್ಲಿ, ಡೇರಿಗೆ ಹಾಲು ಹಾಕುವ ತಾಯಿಯೊಬ್ಬರು ಫೋನನ್ನು ನನ್ನ ಮುಂದೆ ಹಿಡಿದು, “ಮೇಷ್ಟರೇ, ದುಡ್ಡು ಬಂದಿದೆಯೋ ಹೋಗಿದೆಯೋ ಒಂಚೂರು ನೋಡಿ ಹೇಳಿ” ಎಂದರು. ನೋಡಿ ಹೇಳಿದೆ. ಮುಂದಿನ ವಾರವೂ ಕೇಳಿದರು, ಹೇಳಿದೆ. ಮೂರನೆಯ ಸಲ ಅವರು ಫೋನ್ ಚಾಚಿದಾಗ ನನಗೆ ಹೊಳೆಯಿತು: ಇಷ್ಟು ದಿನ ಮಗ ಓದಿ ಹೇಳುತ್ತಿದ್ದ, ಈಗ ನಾನು ಓದಿ ಹೇಳುತ್ತಿದ್ದೇನೆ. ಆ ತಾಯಿಯ ಮಟ್ಟಿಗೆ ಬದಲಾದದ್ದು ಏನೂ ಇಲ್ಲ.

ಅಂದಿನಿಂದ ನಮ್ಮ ತರಗತಿಗೆ ಒಂದೇ ಕಟ್ಟುಪಾಡು. ಕಲಿಯುವವರ ಫೋನನ್ನು ಕಲಿಸುವವರು ಮುಟ್ಟುವಂತಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು, ಬಾಯಿಂದ ಮಾತ್ರ ಹೇಳಬೇಕು. ಕಲಿತದ್ದನ್ನು ಅಳೆಯುವುದಕ್ಕೂ ಇದೇ ಕೋಲು: ತನ್ನ ಫೋನಿನಲ್ಲಿ, ತನ್ನ ಕೆಲಸವನ್ನು, ಇನ್ನೊಬ್ಬರ ಬೆರಳಿಲ್ಲದೆ ಮಾಡಿಕೊಂಡರೆ ಕಲಿತಂತೆ. ಗ್ರಂಥಾಲಯದ ಮೇಲ್ವಿಚಾರಕರು, ಸ್ವಸಹಾಯ ಸಂಘದವರು, ಎನ್‌ಎಸ್‌ಎಸ್ ವಿದ್ಯಾರ್ಥಿಗಳು, ಊರಿನ ನಿವೃತ್ತ ಶಿಕ್ಷಕರು ಯಾರಾದರೂ ಇಂಥ ತರಗತಿ ನಡೆಸಬೇಕೆಂದಿದ್ದರೆ, ನನಗೆ ಗೊತ್ತಾದ ಮಟ್ಟಿಗೆ ಅದರ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ದಿನ ಪಾಠ ಬೇಡ

ಮೊದಲ ದಿನ ಕುಳಿತು ಮಾತನಾಡಿಸಿ. “ಯಾವ ಕೆಲಸಕ್ಕೆ ನೀವು ಫೋನನ್ನು ಇನ್ನೊಬ್ಬರ ಕೈಗೆ ಕೊಡುತ್ತೀರಿ?” ಎಂದು ಕೇಳಿ. ಏನು ಕಲಿಯಬೇಕು ಎಂದು ಕೇಳಿದರೆ “ಎಲ್ಲಾ ಕಲಿಸಿ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಯಾರ ಕೈಗೆ ಕೊಡುತ್ತೀರಿ, ಯಾತಕ್ಕೆ ಕೊಡುತ್ತೀರಿ ಎಂದು ಕೇಳಿದರೆ ಪಾಠದ ಪಟ್ಟಿಯೇ ಎದುರಿಗೆ ಬಂದು ಕೂರುತ್ತದೆ. ನಮ್ಮ ಹಳ್ಳಿಯಲ್ಲಿ ಬಂದ ಉತ್ತರಗಳು: ಗೃಹಲಕ್ಷ್ಮಿ ಹಣ ಬಂತೇ ನೋಡಲು, ಹಾಲಿನ ಬಟವಾಡೆ ನೋಡಲು, ಪಹಣಿ ತೆಗೆಸಲು, ಬೆಂಗಳೂರಿನಲ್ಲಿರುವ ಮೊಮ್ಮಗನ ಮುಖ ನೋಡಲು. ಮೈಸೂರಿನ ಬಡಾವಣೆಯೊಂದರಲ್ಲಿ ನಿವೃತ್ತರ ಗುಂಪಿಗೆ ಇದೇ ಪ್ರಶ್ನೆ ಹಾಕಿದಾಗ ವಿದ್ಯುತ್ ಬಿಲ್, ರೈಲಿನ ಟಿಕೆಟ್, ಗ್ಯಾಸ್ ಬುಕಿಂಗ್ ಬಂದವು. ಎರಡು ಊರಿಗೆ ಒಂದೇ ಪಠ್ಯ ಹಿಡಿದು ಹೊರಟಿದ್ದರೆ ಎರಡೂ ಕಡೆ ಕೆಡುತ್ತಿತ್ತು.

ಅದೇ ದಿನ ಸದ್ದಿಲ್ಲದೆ ಮೊದಲ ಅಳತೆಯನ್ನೂ ಮಾಡಿಕೊಳ್ಳಿ. ಪರೀಕ್ಷೆ ಎಂಬ ಮಾತನ್ನೇ ಎತ್ತಬೇಡಿ. ಶಾಲೆ ಬಿಟ್ಟು ನಲವತ್ತು ವರ್ಷವಾದವರಿಗೂ ಆ ಮಾತು ಕೇಳಿದರೆ ಮೈ ಬಿಗಿಯುತ್ತದೆ, ಮಾರನೆಯ ದಿನ ಬರುವುದಿಲ್ಲ. ಐದು ಸಣ್ಣ ಕೆಲಸ ಹೇಳಿ: ಫೋನಿನ ಬೀಗ ತೆಗೆಯುವುದು, ನಿನ್ನೆ ತಪ್ಪಿಹೋದ ಕರೆಯನ್ನು ಹುಡುಕಿ ತೋರಿಸುವುದು, ಪಕ್ಕದಲ್ಲಿ ಕುಳಿತವರ ನಂಬರನ್ನು ಹೆಸರು ಹಾಕಿ ಉಳಿಸುವುದು, ಒಂದು ಫೋಟೊ ತೆಗೆದು ಮನೆಯವರಿಗೆ ಕಳಿಸುವುದು, ಬ್ಯಾಂಕಿನ ಕೊನೆಯ ಸಂದೇಶ ತೆರೆದು ಹಣ ಬಂದಿದೆಯೋ ಹೋಗಿದೆಯೋ ಹೇಳುವುದು. ಆದದ್ದು, ಆಗದ್ದು ಎರಡನ್ನೂ ಬರೆದಿಟ್ಟುಕೊಳ್ಳಿ. ಈ ಹಾಳೆ ಇಲ್ಲದಿದ್ದರೆ ಹತ್ತು ವಾರದ ನಂತರ ನೀವು ಕಲಿಸಿದ್ದೆಷ್ಟು, ಅವರಿಗೆ ಮೊದಲೇ ಬರುತ್ತಿದ್ದದ್ದೆಷ್ಟು ಎಂದು ಯಾರೂ ಹೇಳಲಾರರು.

ಹೊತ್ತು, ಜಾಗ, ಫೋನು

ಹೊತ್ತನ್ನು ಅವರ ದಿನಕ್ಕೆ ಹೊಂದಿಸಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು. ಅದರ ಹಿಂದೆಯೇ ಅಡುಗೆ. ಹೆಂಗಸರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಸರಿಹೊಂದುತ್ತದೆ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ತರಗತಿಗೆ ರಜೆ ಕೊಟ್ಟುಬಿಡುವುದೇ ಲೇಸು. ಹಾಜರಾತಿ ಕಡಿಮೆಯಾಯಿತೆಂದು ಕೊರಗಬೇಡಿ. ಎಂಟು ಜನಕ್ಕಿಂತ ಹೆಚ್ಚು ಬೇಡ. ಎಂಟು ಜನರ ಎಂಟು ಫೋನುಗಳು ಎಂಟು ಬಗೆಯಲ್ಲಿ ಕಾಣುತ್ತವೆ, ಅದನ್ನು ನಿಭಾಯಿಸುವುದೇ ಒಂದು ಕೆಲಸ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಅಲ್ಲಿ ಕಂಪ್ಯೂಟರ್ ಇದ್ದರೂ ಆರಂಭ ಫೋನಿನಿಂದಲೇ ಆಗಲಿ. ಮೌಸ್ ಹಿಡಿಯುವುದನ್ನು ಕಲಿತು ಮನೆಗೆ ಹೋದರೆ ಅಲ್ಲಿ ಮೌಸ್ ಇರುವುದಿಲ್ಲ.

ಒಂದು ಕಷ್ಟವಿದೆ. ಕೆಲವು ಹೆಂಗಸರಿಗೆ ಸ್ವಂತ ಫೋನ್ ಇಲ್ಲ. ಗಂಡನದೋ ಮಗನದೋ ತರುತ್ತಾರೆ. ಅಂಥವರಿಗೆ ಮನೆಯವರನ್ನು ಒಪ್ಪಿಸಿ ತರಗತಿಯ ದಿನ ಎರಡು ಗಂಟೆ ಫೋನ್ ಕೊಡಿಸುವುದು ಪಾಠಕ್ಕಿಂತ ಮುಂಚಿನ ಪಾಠ. ನಾನು ಮನೆಗೇ ಹೋಗಿ ಕೇಳಿದ್ದೇನೆ. ಹೆಚ್ಚಿನವರು ಒಪ್ಪುತ್ತಾರೆ.

ಕನ್ನಡ ಓದಲು ಬರುವವರಿಗೆ ಫೋನನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಲು ಹೇಳಿಕೊಡಿ, ಅಕ್ಷರದ ಗಾತ್ರವನ್ನೂ ದೊಡ್ಡದು ಮಾಡಿಸಿ. ಸೆಟ್ಟಿಂಗ್ಸ್‌ನಲ್ಲಿ ಬರುವ ಕನ್ನಡ ಸ್ವಲ್ಪ ಗ್ರಾಂಥಿಕವಾಗಿರುತ್ತದೆ, ಮೊದಲ ವಾರ ಗೊಣಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಓದಲು ಬಾರದವರಿಗೆ ದಾರಿ ಬೇರೆ: ಹೆಸರಿನ ಜಾಗದಲ್ಲಿ ಆಯಾ ವ್ಯಕ್ತಿಯ ಫೋಟೊ ಹಾಕಿಸಿ, ಬರೆಯುವ ಬದಲು ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತನಾಡುವುದನ್ನು ಕಲಿಸಿ. ಅಕ್ಷರ ಬಾರದು ಎಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳಿಸಬೇಡಿ.

ಬೆರಳಿನ ಪಾಠ

ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕಬ್ಬಿನ ಗರಿ ಸುಲಿದು, ಕಳೆ ಕಿತ್ತು, ಪಾತ್ರೆ ಉಜ್ಜಿ ಒರಟಾದ ಬೆರಳಿನ ತುದಿಯನ್ನು ಫೋನಿನ ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಒತ್ತಿದ್ದು ಹತ್ತದೆ ಹೋದಾಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಆಗ ಫೋನ್ ಅದನ್ನು ‘ಒತ್ತಿ ಹಿಡಿದದ್ದು’ ಎಂದು ತಿಳಿದು ಬೇಡದ ಪಟ್ಟಿಯನ್ನು ತೆರೆಯುತ್ತದೆ. “ನನ್ನ ಕೈಗೆ ಇದು ಒಗ್ಗುವುದಿಲ್ಲ” ಎಂಬ ಮಾತು ಬರುವುದು ಇಲ್ಲಿಂದ. ಅವರ ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಮೇಜಿನ ಮೇಲೆ ಒದ್ದೆ ಬಟ್ಟೆಯೊಂದನ್ನು ಇಡಿ. ಬೆರಳನ್ನು ಅದಕ್ಕೆ ಒತ್ತಿ, ಒರೆಸಿಕೊಂಡು ಮುಟ್ಟಿದರೆ ಪರದೆ ಕೂಡಲೇ ಸ್ಪಂದಿಸುತ್ತದೆ. ಎಷ್ಟು ಹಗುರವಾಗಿ ಮುಟ್ಟಬೇಕು ಎನ್ನುವುದಕ್ಕೆ ನಾನು ಹೇಳುವುದು: ಮಗುವಿನ ಹಣೆಗೆ ಕುಂಕುಮ ಇಡುವ ಹಾಗೆ. ಈ ಒಂದು ಮಾತಿನಿಂದ ಅರ್ಧ ತೊಂದರೆ ನೀಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಇನ್ನೂ ಆಗದವರಿಗೆ ಆಂಡ್ರಾಯ್ಡ್ ಫೋನಿನ ಪ್ರವೇಶಿಸುವಿಕೆ ವಿಭಾಗದಲ್ಲಿ, ಒತ್ತಿ ಹಿಡಿಯುವ ಅವಧಿಯನ್ನು ‘ದೀರ್ಘ’ ಎಂದು ಬದಲಿಸಿಸಿ.

ಪದಗಳನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮಲ್ಲಿ ತಟ್ಟು, ಒತ್ತಿ ಹಿಡಿ, ಸರಿಸು, ಹಿಂದಕ್ಕೆ, ಇವು ನಾಲ್ಕೇ. ಒಂದು ದಿನ ‘ಕ್ಲಿಕ್ ಮಾಡಿ’, ಇನ್ನೊಂದು ದಿನ ‘ಟ್ಯಾಪ್ ಮಾಡಿ’, ಮತ್ತೊಂದು ದಿನ ‘ಪ್ರೆಸ್ ಮಾಡಿ’ ಎಂದರೆ ಅವರು ಮೂರು ಬೇರೆ ಬೇರೆ ಕೆಲಸವೆಂದೇ ತಿಳಿಯುತ್ತಾರೆ.

ಹೋಗುವುದಕ್ಕಿಂತ ಮೊದಲು ಬರುವುದು

ಮೊದಲ ನಿಜವಾದ ಪಾಠ ಹಿಂದಕ್ಕೆ ಬರುವುದು. ಸೈಕಲ್ ಕಲಿಸುವಾಗ ಬ್ರೇಕ್ ಎಲ್ಲಿದೆ ಎಂದು ಮೊದಲು ತೋರಿಸುವುದಿಲ್ಲವೇ, ಹಾಗೆ. ಎಲ್ಲಿಗೇ ಹೋಗಿ ಸಿಕ್ಕಿಕೊಂಡರೂ ಮನೆಯ ಗುರುತು ಒತ್ತಿದರೆ ಮೊದಲಿನ ಪರದೆಗೆ ಬರಬಹುದು, ಅದರಿಂದ ಏನೂ ಕೆಡುವುದಿಲ್ಲ ಎಂದು ಗೊತ್ತಾಗುವವರೆಗೆ ಹೆದರಿಕೆ ಬಿಡುವುದಿಲ್ಲ. ಬೇಕೆಂದೇ ಕಂಡಕಂಡದ್ದನ್ನು ತಟ್ಟಿಸಿ, ದಾರಿ ತಪ್ಪಿಸಿ, ಮತ್ತೆ ಹೊರಗೆ ಬರುವುದನ್ನು ಹತ್ತಾರು ಸಲ ಮಾಡಿಸಿ. ಕೆಲವು ಫೋನುಗಳಲ್ಲಿ ಗುಂಡಿ ಇರುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಸರಿಸಬೇಕು; ಯಾರದು ಯಾವ ಬಗೆ ಎಂದು ನಿಮ್ಮ ಹಾಳೆಯಲ್ಲಿ ಬರೆದುಕೊಳ್ಳಿ.

ಕರೆ, ಹೆಸರು ಉಳಿಸುವುದು, ಧ್ವನಿ ಸಂದೇಶ, ಫೋಟೊ ಕಳಿಸುವುದು, ವಿಡಿಯೊ ಕರೆ ಇವೆಲ್ಲ ಇದಾದ ಮೇಲೆ ಸಲೀಸಾಗಿ ಬರುತ್ತವೆ. ಮೊಮ್ಮಗನ ಮುಖ ನೋಡುವ ಆಸೆಯೇ ಅದನ್ನು ಕಲಿಸುತ್ತದೆ. ನೀವು ಹೆಚ್ಚು ಹೇಳಬೇಕಾಗಿಲ್ಲ.

ಕುಡುಗೋಲು ಮತ್ತು ಕೋಲು

ಬ್ಯಾಂಕಿನ ಸಂದೇಶಕ್ಕೆ ಬರೋಣ. ಹೆಚ್ಚಿನ ಸಂದೇಶಗಳು ಇಂಗ್ಲಿಷಿನಲ್ಲೇ ಬರುತ್ತವೆ. ಇಂಗ್ಲಿಷ್ ಕಲಿಸಲು ಹೊರಟರೆ ವರ್ಷ ಬೇಕು. ಆದರೆ ಬೇಕಾದದ್ದು ಎರಡೇ ಪದ: ಕ್ರೆಡಿಟೆಡ್, ಡೆಬಿಟೆಡ್. ಎರಡನ್ನೂ ದೊಡ್ಡದಾಗಿ ಹಲಗೆಯ ಮೇಲೆ ಬರೆದು ಮೊದಲ ಅಕ್ಷರದ ಆಕಾರವನ್ನು ಮಾತ್ರ ನೋಡಿಸಿ. ಕ್ರೆಡಿಟೆಡ್‌ನ ಮೊದಲ ಅಕ್ಷರ ಕುಡುಗೋಲಿನಂತೆ ಬಾಗಿದೆ. ಕುಡುಗೋಲು ಎಂದರೆ ಕೊಯ್ಲು, ಹಣ ಮನೆಗೆ ಬಂತು. ಡೆಬಿಟೆಡ್‌ನ ಮೊದಲ ಅಕ್ಷರ ಸೊನ್ನೆಯ ಪಕ್ಕ ಕೋಲು ನಿಂತಂತಿದೆ. ಸೊನ್ನೆ ಆಯಿತು, ಹಣ ಹೋಯಿತು. ಕೆಲವು ಬ್ಯಾಂಕುಗಳು ಪದವನ್ನು ಎರಡೇ ಅಕ್ಷರಕ್ಕೆ ಮೊಟಕು ಮಾಡಿ ದೊಡ್ಡಕ್ಷರದಲ್ಲಿ ಬರೆಯುತ್ತವೆ. ಆಗಲೂ ಮೊದಲನೆಯದು ಕುಡುಗೋಲೇ, ಎರಡನೆಯದರಲ್ಲಿ ಮಾತ್ರ ಕೋಲು ಎಡಕ್ಕೆ ಬಂದು ಹೊಟ್ಟೆ ಬಲಕ್ಕಿರುತ್ತದೆ. ಅದನ್ನೂ ಬರೆದು ತೋರಿಸಿ. ನಾನು ಮೊದಲು ಕುಡುಗೋಲಿನ ಬದಲು ‘ಒಡೆದ ಬಳೆ’ ಎಂದಿದ್ದೆ; ಮುತ್ತೈದೆಯರ ಮುಂದೆ ಆ ಮಾತು ಆಡಬಾರದಿತ್ತು, ಅವರೇ ತಿದ್ದಿದರು. ಕುಡುಗೋಲು ಅವರು ಕೊಟ್ಟ ಹೆಸರು.

ಇಲ್ಲೊಂದು ತೊಡಕಿದೆ, ತಪ್ಪದೆ ಹೇಳಿಕೊಡಿ. ನೀವು ಯಾರಿಗಾದರೂ ಹಣ ಕಳಿಸಿದಾಗ ಕೆಲವು ಬ್ಯಾಂಕುಗಳ ಸಂದೇಶದಲ್ಲಿ ಎರಡೂ ಪದ ಇರುತ್ತವೆ: ನಿಮ್ಮ ಖಾತೆಯಿಂದ ಹೋಗಿದೆ, ಅವರ ಖಾತೆಗೆ ಬಂದಿದೆ ಎಂದು. ಎರಡೂ ಕಂಡರೆ ನಿಮ್ಮ ಹಣ ಹೋಗಿದೆ ಎಂದೇ ತಿಳಿಯಬೇಕು. ಇನ್ನೊಂದು: ಬ್ಯಾಂಕಿನ ಸಂದೇಶ ಅಕ್ಷರಗಳಿರುವ ಹೆಸರಿನಿಂದ ಬರುತ್ತದೆ. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ‘ಹಣ ಜಮೆಯಾಗಿದೆ’ ಎಂದು ಬಂದರೆ ಅದು ಬ್ಯಾಂಕಿನದಲ್ಲ.

ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿಯ ಆ ಹಣ ಬಂತೇ ಎಂದು ತಿಳಿಯುವ ತವಕ ನಮ್ಮ ತರಗತಿಗೆ ಜನರನ್ನು ಕರೆತಂದಷ್ಟು ಬೇರೆ ಯಾವುದೂ ತರಲಿಲ್ಲ. ಸಂದೇಶ ಓದಲು ಬಂದವರಿಗೆ ಡಿಬಿಟಿ ಕರ್ನಾಟಕ ಆ್ಯಪ್ ತೋರಿಸಿ. ಆಧಾರ್ ಸಂಖ್ಯೆ ಮತ್ತು ಒಟಿಪಿ ಕೊಟ್ಟು ಒಳಗೆ ಹೋದರೆ ಯಾವ ಯೋಜನೆಯ ಹಣ ಯಾವಾಗ, ಯಾವ ಬ್ಯಾಂಕಿಗೆ ಬಂದಿದೆ ಎಂದು ಕಾಣುತ್ತದೆ. ಹಣ ಬೇರೆ ಯಾವುದೋ ಹಳೆಯ ಖಾತೆಗೆ ಹೋಗುತ್ತಿರುವುದು ಗೊತ್ತಾಗುವುದೂ ಇಲ್ಲೇ.

ಕಟ್ಟೆಯಲ್ಲಿ ನೀರೆಷ್ಟು

ಹುಡುಕುವುದನ್ನು ಕಲಿಸಲು ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಮೈಕಿನ ಗುರುತು ತಟ್ಟಿ “ಇವತ್ತು ಕೆಆರ್‌ಎಸ್ ನೀರಿನ ಮಟ್ಟ” ಎಂದು ಹೇಳಿಸಿ. ಹತ್ತಾರು ಉತ್ತರ ಬರುತ್ತವೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂಬುದು ಪ್ರತಿ ರೈತನಿಗೂ ಬಾಯಿಪಾಠ, ಆದ್ದರಿಂದ ಬಂದ ಅಂಕಿಯನ್ನು ತೂಗಿ ನೋಡಲು ಅವರಿಗೆ ಯಾರ ಸಹಾಯವೂ ಬೇಡ. ಕಲಿಸಬೇಕಾದದ್ದು ಅಂಕಿಯ ಪಕ್ಕದ ತಾರೀಖನ್ನು ನೋಡುವುದು.

‘ಕಟ್ಟೆ ಭರ್ತಿ’ ಎಂಬ ವಿಡಿಯೊ ಎದುರಿಗೆ ಬರುತ್ತದೆ. ಯಾವ ವರ್ಷದ್ದು? ಮಳೆ ಕೈಕೊಟ್ಟ 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2024ರ ಜುಲೈನಲ್ಲಿ ತುಂಬಿತು. ಇದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು, ಭತ್ತ ನೆಟ್ಟವರು ಅವರು. ಹಾಗಾಗಿ “ಈ ವಿಡಿಯೊ ಯಾವಾಗಿನದು, ಹೇಗೆ ಹೇಳುತ್ತೀರಿ?” ಎಂದು ಕೇಳಿದರೆ ಚರ್ಚೆ ತಾನಾಗಿ ಬಿಸಿಯೇರುತ್ತದೆ. ಹಳೆಯ ಸುದ್ದಿಗೆ ಹೊಸ ಬಣ್ಣ ಹಚ್ಚುವುದು ಹೇಗೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ನಾಟಿ ಮಾಡುವುದೋ ಬೇಡವೋ ಎನ್ನುವಾಗ ಹಳೆಯ ವಿಡಿಯೊ ನಂಬಿದರೆ ಏನಾಗುತ್ತದೆ ಎಂದು ನೀವು ಭಾಷಣ ಮಾಡಬೇಕಾಗಿಲ್ಲ.

ಪಹಣಿಯ ಪಾಠವೂ ಹೀಗೆಯೇ ಅವರ ನೆಲದ ಮೇಲೆ ನಿಲ್ಲುತ್ತದೆ. ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಒಂದಾದ ಮೇಲೊಂದು ಆರಿಸಬೇಕು. ಪಟ್ಟಿಯಿಂದ ಆರಿಸುವುದು ಎಂಬ ಕೌಶಲವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಕಲಿಸಲಾರದು. ಹಿಸ್ಸಾ (ಒಂದು ಸರ್ವೆ ನಂಬರಿನ ಉಪಭಾಗ) ಎಂದರೇನು ಎಂದು ನನಗೆ ವಿವರಿಸಿದವರು ಎಪ್ಪತ್ತು ದಾಟಿದ ಯಜಮಾನರೊಬ್ಬರು. ಅವರಿಗೆ ನಾನು ತೋರಿಸಿದ್ದು ಪಟ್ಟಿ ತೆರೆಯುವ ಬಾಣದ ಗುರುತನ್ನು ಮಾತ್ರ.

ಹಣದ ಪಾಠ

ಯುಪಿಐ ಕಲಿಸುವ ಮೊದಲು ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿ. ಅವರು ಪಿನ್ ಒತ್ತುವಾಗ ಮುಖ ತಿರುಗಿಸಿ ನಿಲ್ಲಿ, ಎಲ್ಲರಿಗೂ ಕಾಣುವಂತೆ ನಿಲ್ಲಿ. ಯಾರ ಪಿನ್ ಅನ್ನೂ, ಆಧಾರ್ ಸಂಖ್ಯೆಯನ್ನೂ ನಿಮ್ಮ ಪುಸ್ತಕದಲ್ಲಿ ಬರೆಯಬೇಡಿ, ಯಾರೇ ಒತ್ತಾಯಿಸಿದರೂ ಬೇಡ. “ಮೇಷ್ಟರೇ, ನೀವೇ ನೆನಪಿಟ್ಟುಕೊಳ್ಳಿ, ನನಗೆ ಮರೆತುಹೋಗುತ್ತದೆ” ಎಂದು ನಂಬಿಕೆಯಿಂದ ಹೇಳುತ್ತಾರೆ. ಆ ನಂಬಿಕೆಯನ್ನು ಒಪ್ಪಿಕೊಂಡರೆ ನಾಳೆ ಇನ್ನಾರೋ ಕೇಳಿದಾಗಲೂ ಹಾಗೆಯೇ ಕೊಡುತ್ತಾರೆ.

ಒಂದು ರೂಪಾಯಿಯಿಂದ ಶುರು ಮಾಡಿ. ಇಬ್ಬರು ಎದುರುಬದುರು ಕುಳಿತು ಒಂದು ರೂಪಾಯಿ ಕಳಿಸಿ, ವಾಪಸ್ ತರಿಸಿಕೊಳ್ಳಲಿ. ಪ್ರತಿ ಸಲವೂ ಮೂರು ಹೆಜ್ಜೆಯಲ್ಲಿ ನಿಲ್ಲಿಸಿ ಬಾಯಿಬಿಟ್ಟು ಹೇಳಿಸಿ: ಯಾರ ಹೆಸರು ಬಂದಿದೆ, ಎಷ್ಟು ಹಣ, ಸೊನ್ನೆ ಎಷ್ಟು. ಹೆಸರು ಓದಲು ಬಾರದಿದ್ದರೆ ಅಂಗಡಿಯವರನ್ನೇ ಕೇಳುವುದನ್ನು ರೂಢಿಸಿ. ಆಮೇಲೆ ಎಲ್ಲರನ್ನೂ ಕರೆದುಕೊಂಡು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ಹತ್ತು ರೂಪಾಯಿ ಕಡಲೆಕಾಯಿ ಕೊಳ್ಳಿ. ಜನ ನಿಂತಿರುತ್ತಾರೆ, ಹಿಂದಿನವರು ಅವಸರ ಮಾಡುತ್ತಾರೆ, ಸಿಗ್ನಲ್ ಸಿಗುವುದಿಲ್ಲ. ತರಗತಿಯ ನೆರಳಿನಲ್ಲಿ ಕಲಿತದ್ದು ಆ ಬಿಸಿಲಿಗೆ ನಿಲ್ಲುತ್ತದೆಯೇ ಎಂದು ಅಲ್ಲೇ ಗೊತ್ತಾಗುವುದು.

ಕಲಿಯುವವರ ಬಾಯಲ್ಲಿ ಕೂರಿಸಬೇಕಾದ ಮಾತು ಒಂದೇ: ಹಣ ಬರುವುದಕ್ಕೆ ಪಿನ್ ಬೇಡ. ಖಾತೆಯಲ್ಲಿ ಹಣ ಎಷ್ಟಿದೆ ಎಂದು ನೋಡುವುದಕ್ಕೆ ಪಿನ್ ಬೇಕು, ಕಳಿಸುವುದಕ್ಕೆ ಬೇಕು; ಪಡೆಯುವುದಕ್ಕೆ ಎಂದೂ ಬೇಡ. ಸಾದಾ ಫೋನ್ ಇಟ್ಟುಕೊಂಡವರಿಗೂ ದಾರಿ ಇದೆ: 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ, ಅದಕ್ಕೂ ಹಳೆಯದಾದ ಸ್ಟಾರ್ 99 ಹ್ಯಾಶ್ ಸೇವೆ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ.

ಮೋಸದ ಕರೆ

ಸುರಕ್ಷತೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಪ್ರತಿ ತರಗತಿಯಲ್ಲೂ ಹತ್ತು ನಿಮಿಷ ಇದಕ್ಕೆಂದೇ ಇರಲಿ. ಹೇಳಿದರೆ ತಲೆಯಾಡಿಸುತ್ತಾರೆ, ನಿಜವಾದ ಕರೆ ಬಂದಾಗ ಎದೆ ಹೊಡೆದುಕೊಳ್ಳುತ್ತದೆ, ಹೇಳಿದ್ದೆಲ್ಲ ಮರೆಯುತ್ತದೆ. ಆದ್ದರಿಂದ ಆಡಿ ತೋರಿಸಬೇಕು. ನಾನು ಮೊದಲೇ ಹೇಳಿಬಿಡುತ್ತೇನೆ: “ಈ ತಿಂಗಳಲ್ಲಿ ಯಾವತ್ತೋ ಒಂದು ದಿನ ನಮ್ಮವರೇ ಒಬ್ಬರು ನಿಮಗೆ ಮೋಸದ ಕರೆ ಮಾಡುತ್ತಾರೆ, ಒಪ್ಪಿಗೆಯೇ?” ಒಪ್ಪಿದವರಿಗೆ ಮಾತ್ರ ಮಾಡಿಸುತ್ತೇನೆ. ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಅವಮಾನ. ಒಮ್ಮೆ ಅವಮಾನವಾದವರು ಮುಂದೆ ನಿಜವಾಗಿ ಮೋಸ ಹೋದಾಗಲೂ ಯಾರಿಗೂ ಹೇಳುವುದಿಲ್ಲ.

ಕರೆಯಲ್ಲಿ ಏನಿರಬೇಕು? ಬ್ಯಾಂಕಿನಿಂದ ಎಂದು ಒಟಿಪಿ ಕೇಳುವುದು. ಪೊಲೀಸರು ಎಂದು ವಿಡಿಯೊ ಕರೆಯಲ್ಲಿ ಹೆದರಿಸುವುದು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಟ್ಟಿಯಾಗಿ ಹೇಳಿ. ಸರ್ಕಾರಿ ಯೋಜನೆಯ ಹೆಸರಿನಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತವನ್ನು ತೆರೆಯಬಾರದೆಂದು ಕಲಿಸಿ. ಅದು ಫೋನಿನೊಳಗೆ ಕುಳಿತು ಒಟಿಪಿಯನ್ನೇ ಕದಿಯಬಲ್ಲದು. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಈ ನಂಬರನ್ನು ಎಲ್ಲರ ಫೋನಿನಲ್ಲೂ ಅವರ ಕೈಯಿಂದಲೇ ಉಳಿಸಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಅಳೆಯುವುದು

ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ಕೊಟ್ಟ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ ತರಬೇತಿಯ ಅವಧಿ 20 ಗಂಟೆ. ಕೊನೆಗೊಂದು ಆನ್‌ಲೈನ್ ಪರೀಕ್ಷೆ. ಆರು ಕೋಟಿ ಮನೆಗಳ ಗುರಿಯಿದ್ದ ಆ ಯೋಜನೆ 2024ರ ಮಾರ್ಚ್‌ಗೆ ಮುಗಿಯಿತು. ಈಗ ನಡೆಯುತ್ತಿರುವ, ವಯಸ್ಕರ ಸಾಕ್ಷರತೆಯ ಉಲ್ಲಾಸ್ ಕಾರ್ಯಕ್ರಮ 15 ವರ್ಷ ಮೇಲ್ಪಟ್ಟವರಿಗೆ. ಜೀವನ ಕೌಶಲಗಳಲ್ಲಿ ಡಿಜಿಟಲ್ ಸಾಕ್ಷರತೆಯೂ ಸೇರಿದೆ, ಆದರೆ ಅದರ 150 ಅಂಕದ ಪರೀಕ್ಷೆ ಅಳೆಯುವುದು ಓದು, ಬರಹ, ಲೆಕ್ಕವನ್ನು. 20 ಗಂಟೆ ಎಂಬುದು ನನ್ನ ಅನುಭವದಲ್ಲೂ ಸರಿಯಾದ ಲೆಕ್ಕವೇ, ವಾರಕ್ಕೆ ಎರಡು ಗಂಟೆಯಂತೆ ಹತ್ತು ವಾರಕ್ಕೆ ಹರಡಿದರೆ. ಒಂದೇ ವಾರದಲ್ಲಿ ತುರುಕಿದರೆ ಉಳಿಯುವುದಿಲ್ಲ. ಇನ್ನು ಅಳತೆ: ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದ ಮಾತ್ರಕ್ಕೆ ಹಣ ಕಳಿಸಲು ಬಂತೆಂದು ನಾನು ನಂಬುವುದಿಲ್ಲ. ಈಜು ಬರುತ್ತದೆಯೇ ಎಂದು ನೀರಿನಲ್ಲೇ ನೋಡಬೇಕು.

ಪ್ರತಿ ಕೆಲಸಕ್ಕೂ ನಾಲ್ಕು ಗುರುತು ಸಾಕು: ‘ಒಬ್ಬರೇ ಮಾಡಿದರು’, ‘ಮಾತಿನ ಆಸರೆಯಿಂದ’, ‘ತೋರಿಸಿದ ಮೇಲೆ’, ‘ಇನ್ನೂ ಇಲ್ಲ’. ಅಂಕ ಬೇಡ. ಕೆಲಸ ಹೇಳಿದ ಮೇಲೆ ಗೋಡೆಯ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರಿ. ಇದು ಕಷ್ಟ. ನಮ್ಮ ಕಣ್ಣು, ಕತ್ತು, ‘ಹ್ಞೂಂ’ ಎಂಬ ಉಸಿರು ಎಲ್ಲವೂ ಉತ್ತರ ಹೇಳಿಕೊಡುತ್ತವೆ. ಪಕ್ಕದಲ್ಲಿ ಕೂರುವ ಬದಲು ಅವರ ಹೆಗಲ ಹಿಂದೆ ನಿಂತರೆ ಮುಖ ನೋಡಿ ಊಹಿಸುವುದು ತಪ್ಪುತ್ತದೆ. ತಪ್ಪು ಹೆಜ್ಜೆ ಇಟ್ಟು ತಾವೇ ಹಿಂದಕ್ಕೆ ಬಂದು ಸರಿಮಾಡಿಕೊಂಡರೆ ಅದನ್ನು ‘ಒಬ್ಬರೇ ಮಾಡಿದರು’ ಎಂದೇ ಬರೆಯಿರಿ, ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಹಾಕಿ. ತಪ್ಪದೆ ಮಾಡಿದವರಿಗಿಂತ ತಪ್ಪಿ ತಿದ್ದಿಕೊಂಡವರು ಮನೆಯಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾರೆ. ಆದರೆ ಹಣದ ವಿಷಯದಲ್ಲಿ ಸಡಿಲ ಬಿಡಬೇಡಿ. ಹೆಸರು ನೋಡದೆ ಹಣ ಕಳಿಸಿದರೆ, ಅದು ಸರಿಯಾದವರಿಗೇ ತಲುಪಿದ್ದರೂ, ‘ಇನ್ನೂ ಇಲ್ಲ’.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಹೇಳುತ್ತೇನೆ. ಒಬ್ಬ ಅಕ್ಕ ತರಗತಿಯಲ್ಲಿ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ಎರಡು ವಾರದ ನಂತರ ಕಣ್ಣಲ್ಲಿ ನೀರು ತುಂಬಿಕೊಂಡು ಬಂದರು: “ಎಲ್ಲಾ ಮರೆತುಹೋಯಿತು.” ಮರೆತಿರಲಿಲ್ಲ. ಆ್ಯಪ್ ಹೊಸದಾಗಿ ಬದಲಾಗಿ ಗುಂಡಿಯ ಬಣ್ಣ, ಜಾಗ ಬೇರೆಯಾಗಿದ್ದವು. ಅವರು ಕಲಿತದ್ದು ‘ಬಲಗಡೆ ಕೆಳಗಿನ ನೀಲಿ’ಯನ್ನು, ಅದರ ಮೇಲಿನ ಪದವನ್ನಲ್ಲ, ಗುರುತನ್ನಲ್ಲ. ನಾನು ಅಳೆದದ್ದು ಅವರ ನೆನಪನ್ನು. ಅಂದಿನಿಂದ ಅಳೆಯುವ ದಿನ ಒಂದೆರಡು ಗುರುತುಗಳನ್ನು ಅವರಿಂದಲೇ ಬೇರೆ ಜಾಗಕ್ಕೆ ಎಳೆಸಿ ಇಡಿಸುತ್ತೇನೆ, ಇಲ್ಲವೇ ಪಕ್ಕದವರ ಫೋನಿನಲ್ಲಿ ಅದೇ ಕೆಲಸ ಮಾಡಿಸುತ್ತೇನೆ (ಹಣದ ಕೆಲಸ ಬಿಟ್ಟು). ಅಲ್ಲೂ ದಾರಿ ಕಂಡುಕೊಂಡರೆ ಕಲಿಕೆ ಬೇರು ಬಿಟ್ಟಿದೆ.

ಯಾವ ಯಾವ ಕೆಲಸ ಎಂಬುದನ್ನು ನಿಮ್ಮ ಮೊದಲ ದಿನದ ಪಟ್ಟಿಯೇ ಹೇಳುತ್ತದೆ. ಏನಾದರೂ ಬಿಟ್ಟುಹೋಗಿದೆಯೇ ಎಂದು ನೋಡಲು ಯುರೋಪಿನಲ್ಲಿ 2013ರಲ್ಲಿ ಹೊರಬಂದ, ಡಿಜಿಟಲ್ ಸಾಮರ್ಥ್ಯದ ಚೌಕಟ್ಟಿನ (ಡಿಜ್‌ಕಾಂಪ್) ಐದು ಭಾಗಗಳು ನನಗೆ ಸಹಾಯ ಮಾಡಿವೆ: ಮಾಹಿತಿ ಹುಡುಕಿ ತೂಗುವುದು, ಇನ್ನೊಬ್ಬರೊಡನೆ ಸಂಪರ್ಕ, ತಾನೇ ಏನನ್ನಾದರೂ ರಚಿಸುವುದು, ಸುರಕ್ಷತೆ, ತೊಡಕು ಬಿಡಿಸಿಕೊಳ್ಳುವುದು. ನಮ್ಮಲ್ಲಿ ರಚಿಸುವುದು ಎಂಬುದಕ್ಕೆ ಜಾಗವೇ ಇರಲಿಲ್ಲ. ಈಗ ತಮ್ಮ ಬೆಳೆಗೆ ಬಂದ ರೋಗದ ಫೋಟೊ ತೆಗೆದು, ಏನಾಗಿದೆ ಎಂದು ಅರ್ಧ ನಿಮಿಷದ ಧ್ವನಿ ಸೇರಿಸಿ ಪರಿಚಯದ ಕೃಷಿ ಅಧಿಕಾರಿಗೆ ಕಳಿಸುವುದನ್ನು ಸೇರಿಸಿದ್ದೇವೆ. ತೊಡಕಿಗೆ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಿ, “ಕರೆ ಹೋಗುತ್ತಿಲ್ಲ, ಏನು ಮಾಡುತ್ತೀರಿ?” ಎಂದು ಕೇಳುವುದು.

ಹಾಳೆಯನ್ನು ಅಡ್ಡಡ್ಡವಾಗಿಯೂ ಓದಿ. ಎಂಟರಲ್ಲಿ ಐದು ಜನ ಒಂದೇ ಕೆಲಸದಲ್ಲಿ ನಿಂತುಬಿಟ್ಟಿದ್ದರೆ ಆ ಪಾಠವನ್ನು ನೀವು ಸರಿಯಾಗಿ ಹೇಳಿಲ್ಲ. ಮುಂದಿನ ವಾರ ಬೇರೆ ದಾರಿಯಿಂದ ಹೇಳಿ.

ತಿಂಗಳಾದ ಮೇಲೆ

ತರಗತಿ ಮುಗಿದ ದಿನ ಫೋಟೊ, ಸಿಹಿ, ಪ್ರಮಾಣಪತ್ರ ಎಲ್ಲವೂ ಇರಲಿ. ಅವರಿಗೆ ಅದು ದೊಡ್ಡ ಸಂಗತಿ. ಪ್ರಮಾಣಪತ್ರದ ಮೇಲೆ ‘ತೇರ್ಗಡೆ’ ಎಂದು ಬರೆಯುವ ಬದಲು, ಆಯಾ ಕಲಿಕಾರ್ಥಿ ಒಬ್ಬರೇ ಮಾಡಬಲ್ಲ ಕೆಲಸಗಳನ್ನು ಕನ್ನಡದಲ್ಲಿ ಬರೆದುಕೊಡಿ. ‘ಬ್ಯಾಂಕಿನ ಸಂದೇಶ ಓದಬಲ್ಲೆ, ಅಂಗಡಿಯಲ್ಲಿ ಹಣ ಕೊಡಬಲ್ಲೆ, ಮೋಸದ ಕರೆ ಕತ್ತರಿಸಬಲ್ಲೆ.’ ಮನೆಯವರ ಮುಂದೆ ಅದನ್ನು ಓದಿಸಿ.

ಕೊನೆಯ ಅಳತೆಯನ್ನು ಆ ದಿನ ಮಾಡಬೇಡಿ. ಒಂದು ತಿಂಗಳು ಬಿಟ್ಟು ಮನೆಗೆ ಹೋಗಿ, ಮೊದಲ ದಿನದ ಅದೇ ಐದು ಕೆಲಸಗಳ ಜೊತೆಗೆ ಹೊಸದೊಂದನ್ನು, ತರಗತಿಯಲ್ಲಿ ಮಾಡಿಸದೇ ಇದ್ದದ್ದನ್ನು ಕೇಳಿ. ಹಾಗೆಯೇ ಎರಡು ಪ್ರಶ್ನೆ: ಈ ತಿಂಗಳು ಫೋನನ್ನು ಯಾವ ಕೆಲಸಕ್ಕೆ ಇನ್ನೊಬ್ಬರ ಕೈಗೆ ಕೊಟ್ಟಿರಿ? ನೀವು ಯಾರಿಗಾದರೂ ಏನನ್ನಾದರೂ ಕಲಿಸಿದಿರಾ?

ಹಾಲು ಹಾಕುವ ಆ ತಾಯಿಯ ಮನೆಗೆ ಹೋದಾಗ ಅವರು ಜಗಲಿಯ ಮೇಲೆ ಪಕ್ಕದ ಮನೆಯ ಸೊಸೆಯೊಂದಿಗೆ ಕುಳಿತಿದ್ದರು. ಫೋನ್ ಸೊಸೆಯ ಕೈಯಲ್ಲಿತ್ತು. “ಕುಡುಗೋಲು ಎಲ್ಲಿದೆ, ನೀನೇ ಹುಡುಕು” ಎನ್ನುತ್ತಿದ್ದ ಅವರ ಎರಡೂ ಕೈಗಳು ಬೆನ್ನ ಹಿಂದೆ ಇದ್ದವು. ಹಾಳೆಯಲ್ಲಿ ಅವರ ಹೆಸರಿನ ಮುಂದಿನ ಕೊನೆಯ ಖಾನೆಯನ್ನು ನಾನು ಅಲ್ಲೇ ತುಂಬಿಕೊಂಡೆ.